ಒಂದು ಚೀಲ ಕಾಫಿಗೆ ಹದಿನಾಲ್ಕು ರೇಟು

ಫೆಬ್ರವರಿಯಲ್ಲಿ ಅಪ್ಪ ಇಪ್ಪತ್ತೆರಡು ಚೀಲ ರೋಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಕೊಡಗಿನ ಸುಂಟಿಕೊಪ್ಪದಲ್ಲೇ ಕೊಟ್ಟು ಬಂದರು. ಅದೇ ಸಂಜೆ ಸಿದ್ದಾಪುರದಿಂದ ಚಿಕ್ಕಪ್ಪನ ಫೋನು. ಅವರಿಗೆ ಚೀಲಕ್ಕೆ ಇನ್ನೂರು ರೂಪಾಯಿ ಹೆಚ್ಚು ಸಿಕ್ಕಿದೆಯಂತೆ. ಲೆಕ್ಕ ಹಾಕಿದರೆ 4,400 ರೂಪಾಯಿ ಕೈತಪ್ಪಿದ ಹಾಗಾಯಿತು. ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಯಾರಿಗೂ ಮಾತು ಬೇಡ. ಅಮ್ಮ ಮಾತ್ರ ಸಾರು ಬಡಿಸುತ್ತಾ, "ಬೆಳಿಗ್ಗೆ ನಾಲ್ಕು ಕಡೆ ಫೋನ್ ಮಾಡಿ ಕೇಳಬಾರದಿತ್ತಾ" ಅಂದರು. ಅಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದರು.

ನಾನು ಮೈಸೂರಿನ ಒಂದು ಸಣ್ಣ ಕಂಪನಿಯಲ್ಲಿ ಏಳು ವರ್ಷ ವೆಬ್‌ಸೈಟ್ ಕಟ್ಟುವ ಕೆಲಸ ಮಾಡಿ, ತೋಟ ನೋಡಿಕೊಳ್ಳಲೆಂದು ಊರಿಗೆ ಮರಳಿದವನು. ಮೊಬೈಲ್, ಮಿಕ್ಸಿ, ಇನ್ಶೂರೆನ್ಸ್ ಎಲ್ಲಕ್ಕೂ ದರ ಹೋಲಿಸುವ ತಾಣಗಳಿವೆ, ನಮ್ಮ ಕಾಫಿಗೆ ಯಾಕಿಲ್ಲ ಅನ್ನಿಸಿತು. ಜಿಲ್ಲೆಯ ವ್ಯಾಪಾರಿಗಳ ದಿನದ ರೇಟು ಒಂದೇ ಪುಟದಲ್ಲಿ, ಬೆಳೆಗಾರನಿಗೆ ಉಚಿತ, ದುಡ್ಡು ಎಲ್ಲಿಂದಾದರೂ ಬಂದೀತು. ಆವತ್ತಿನ ಯೋಜನೆ ಇಷ್ಟೇ. ಈಗ ಒಂದು ಸೀಸನ್ ಮುಗಿದಿದೆ. ಏನು ಕಟ್ಟಿದೆ, ಏನು ಮುರಿಯಿತು, ಏನನ್ನು ಎರಡನೇ ಸಲ ಕಟ್ಟಿದೆ ಅನ್ನುವುದನ್ನು ಬರೆದಿಡುತ್ತಿದ್ದೇನೆ. ಅಡಿಕೆಗೋ ಏಲಕ್ಕಿಗೋ ಇಂಥದ್ದನ್ನು ಮಾಡಹೊರಟವರಿಗೆ ಉಪಯೋಗಕ್ಕೆ ಬರಬಹುದು.

ಜೂನ್

ಮಳೆ ಹಿಡಿದರೆ ತೋಟದಲ್ಲಿ ಕೆಲಸ ಕಡಿಮೆ. ಒಂದು ನೋಟ್‌ಬುಕ್ ತೆಗೆದುಕೊಂಡು ಕುಶಾಲನಗರ, ಸುಂಟಿಕೊಪ್ಪ, ಮಡಿಕೇರಿ, ಸಿದ್ದಾಪುರ, ಗೋಣಿಕೊಪ್ಪ, ವಿರಾಜಪೇಟೆ, ಸೋಮವಾರಪೇಟೆ ಸುತ್ತಿದೆ. ದಿನಾ ರೇಟು ಹೇಳಲು ಒಪ್ಪಿದವರು ಹದಿನಾಲ್ಕು ವ್ಯಾಪಾರಿಗಳು. ಒಪ್ಪದವರು ಅದಕ್ಕಿಂತ ಹೆಚ್ಚು. ಒಬ್ಬರಂತೂ, "ರೇಟು ಬೋರ್ಡಲ್ಲಿ ಬರೆದಿದ್ದೇನಲ್ಲ, ಬಂದು ನೋಡು" ಅಂದರು. ಅವರ ಅಂಗಡಿ ನಮ್ಮ ಮನೆಯಿಂದ ಎರಡು ಬಸ್ಸು ಬದಲಿಸಿ ಹೋಗುವಷ್ಟು ದೂರ.

ದರ ಹೋಲಿಕೆಯ ತಾಣ ಅಂದರೆ ಒಂದು ಪ್ರೋಗ್ರಾಂ ಬೇರೆ ಬೇರೆ ಅಂಗಡಿಗಳ ಪುಟಗಳಿಗೆ ಹೋಗಿ ಬೆಲೆ ಎತ್ತಿಕೊಂಡು ಬರುವುದು ಅಂತಲೇ ನಾನು ತಿಳಿದಿದ್ದೆ. ಈ ದಂಧೆ ಹುಟ್ಟಿದ್ದೂ ಹಾಗೆಯೇ. 1995ರಲ್ಲಿ ಬಾರ್ಗೇನ್‌ಫೈಂಡರ್ ಎಂಬ ಪ್ರೋಗ್ರಾಂ ಸಂಗೀತದ ಸಿಡಿಗಳ ಬೆಲೆಯನ್ನು ಆನ್‌ಲೈನ್ ಅಂಗಡಿಗಳಿಂದ ಎತ್ತಿ ತಂದು ತೋರಿಸುತ್ತಿತ್ತು. ಕೆಲವು ಅಂಗಡಿಗಳು ಅದನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ನನಗೆ ಆ ಜಗಳದ ಯೋಗವೂ ಇರಲಿಲ್ಲ. ಹದಿನಾಲ್ಕು ಜನರಲ್ಲಿ ಒಬ್ಬರಿಗೂ ವೆಬ್‌ಸೈಟ್ ಇಲ್ಲ. ಇಬ್ಬರು ವಾಟ್ಸಾಪ್ ಸ್ಟೇಟಸ್‌ನಲ್ಲಿ ಚಿತ್ರ ಹಾಕುತ್ತಾರೆ, ನಾಲ್ಕು ಜನ ಧ್ವನಿ ಸಂದೇಶ ಕಳಿಸುತ್ತಾರೆ, ಒಬ್ಬರು ಕರಿಹಲಗೆಯ ಫೋಟೋ ಹೊಡೆದು ಕಳಿಸುತ್ತಾರೆ, ಉಳಿದವರಿಗೆ ನಾವೇ ಫೋನ್ ಮಾಡಬೇಕು. ಮೈಸೂರಿನಲ್ಲಿ ಕಲಿತ ಅರ್ಧ ವಿದ್ಯೆ ಅಲ್ಲಿಗೇ ಮುಗಿಯಿತು. ಪಿಯುಸಿ ಮುಗಿಸಿ ರಿಸಲ್ಟ್ ಕಾಯುತ್ತಿದ್ದ ಅಕ್ಕನ ಮಗನನ್ನು ಫೋನ್ ಮಾಡಲು ಕೂರಿಸಿದೆ.

ಅಪ್ಪ ಜಗುಲಿಯಿಂದ ಎಲ್ಲ ನೋಡುತ್ತಿದ್ದರು. ಅವರ ಪ್ರಾಯದಲ್ಲಿ ದರ ಹೋಲಿಸುವ ಪ್ರಶ್ನೆಯೇ ಇರಲಿಲ್ಲವಂತೆ. ಬೆಳೆದ ಕಾಫಿ ಪೂರ್ತಿ, ಎಲ್ಲರದ್ದನ್ನೂ ಒಟ್ಟು ಸೇರಿಸಿ ಮಾರುವ ಕಾಫಿ ಬೋರ್ಡಿನ ಪೂಲ್‌ಗೆ ಹೋಗಬೇಕು, ಕಂತು ಕಂತಾಗಿ ದುಡ್ಡು ಬರಬೇಕು. 1992ರಿಂದ ಅದು ಹಂತ ಹಂತವಾಗಿ ಸಡಿಲವಾಗಿ 1996ಕ್ಕೆ ಪೂರ್ತಿ ಮುಕ್ತವಾಯಿತು. "ಆವಾಗ ಒಂದೇ ರೇಟು, ಎಲ್ಲರೂ ಒಟ್ಟಿಗೆ ಬೈಯುತ್ತಿದ್ದೆವು" ಅಂದರು. ಈಗ ಒಬ್ಬೊಬ್ಬರೇ ಬೈದುಕೊಳ್ಳಬೇಕು.

ಜುಲೈ

ಮೊದಲ ಪಟ್ಟಿಯನ್ನು ಗೂಗಲ್ ಶೀಟ್‌ನಲ್ಲಿ ಮಾಡಿದೆ. ನಾಲ್ಕೇ ಕಾಲಮ್ಮು: ತಾರೀಖು, ವ್ಯಾಪಾರಿ, ಮಾಲು, ದರ. ಮಾಲಿನಲ್ಲಿ ಎಪಿ, ಎಸಿ, ಆರ್‌ಪಿ, ಆರ್‌ಸಿ, ಅಂದರೆ ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ಹಾಗೆಯೇ ರೋಬಸ್ಟಾದ ಎರಡು (ಹಣ್ಣಿನ ಸಿಪ್ಪೆ ಬಿಡಿಸಿ ಒಣಗಿಸಿದ ಬೀಜವೇ ಪಾರ್ಚ್‌ಮೆಂಟ್). ಎಲ್ಲವೂ 50 ಕೆಜಿ ಚೀಲಕ್ಕೆ. ದೊಡ್ಡ ಸಂಖ್ಯೆ ಮೇಲೆ, ಸಣ್ಣದು ಕೆಳಗೆ. ಎರಡು ದಿನದಲ್ಲಿ ಪುಟ ತಯಾರಾಯಿತು, ಚೆನ್ನಾಗಿಯೇ ಕಾಣುತ್ತಿತ್ತು.

ಅದನ್ನು ಸುಂಟಿಕೊಪ್ಪದ ಒಬ್ಬ ಹಳೆಯ ವ್ಯಾಪಾರಿಗೆ ತೋರಿಸಿದೆ. ಊರಲ್ಲಿ ಎಲ್ಲರೂ ಅವರನ್ನು ಇಕ್ಕಾ ಅಂತಲೇ ಕರೆಯುವುದು. ಕನ್ನಡಕ ಮೇಲೆತ್ತಿ ಮೊಬೈಲ್ ನೋಡಿದರು, ನಕ್ಕರು.

"ಇದರಲ್ಲಿ ಮೊದಲನೇ ಹೆಸರು ಯಾಕೆ ಮೊದಲು ಬಂತು?"

"ಅವರದ್ದು ಚೀಲಕ್ಕೆ 10,200 ಇಕ್ಕಾ. ನಿಮ್ಮದಕ್ಕೆ ಚೀಲದ ರೇಟೇ ಇಲ್ಲ, ಬರೀ 385 ಅಂತ ಹೇಳಿದ್ದೀರಿ."

"ನೀನು ಕಂಪ್ಯೂಟರಲ್ಲಿ ಎಂತ ಬೇಕಾದರೂ ಬರಿ ಮಾರಾಯ. ನಾನು ಹೇಳುವುದು ಓಟಿ ರೇಟು. ಚೀಲದ ರೇಟು ಕೇಳಿದರೆ, ಯಾವ ಚೀಲ ಅಂತ ನಾನು ಕೇಳ್ತೇನೆ."

ಆಮೇಲೆ ಗೋಡೌನಿಗೆ ಕರೆದುಕೊಂಡು ಹೋಗಿ ಮಾಡಿಯೇ ತೋರಿಸಿದರು. ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಅಲ್ಲಲ್ಲಿಂದ ಮಾದರಿ ತೆಗೆದರು. ನೂರು ಗ್ರಾಂ ತೂಗಿ ಪುಟ್ಟ ಹಲ್ಲರ್‌ಗೆ ಹಾಕಿ ಸಿಪ್ಪೆ ಬಿಡಿಸಿದರು. ಉಳಿದ ಬೀಜ 53 ಗ್ರಾಂ. ಅಂದರೆ 50 ಕೆಜಿ ಚೀಲದಲ್ಲಿ 26.5 ಕೆಜಿ ಬೀಜ. ಅದೇ ಔಟ್‌ಟರ್ನ್, ಎಲ್ಲರ ಬಾಯಲ್ಲಿ ಓಟಿ. ಓಟಿ ರೇಟು 385 ಅಂದರೆ ಒಂದು ಕೆಜಿ ಬೀಜಕ್ಕೆ 385. ಚೀಲಕ್ಕೆ ಎಷ್ಟು ಅನ್ನುವುದು ಚೀಲದ ಒಳಗಿರುವ ಬೀಜ ಹೇಳಬೇಕು.

ನಾನು ತೋಟದ ಮನೆಯಲ್ಲಿ ಹುಟ್ಟಿದವನು, ಓಟಿ ಅನ್ನುವ ಮಾತು ಕಿವಿಗೆ ಬಿದ್ದೇ ದೊಡ್ಡವನಾದೆ. ಆದರೂ ಪಟ್ಟಿ ಮಾಡುವಾಗ ಅದು ತಲೆಗೆ ಹೊಳೆಯಲಿಲ್ಲ. ನಾಚಿಕೆಯ ವಿಷಯ, ಬರೆದೇಬಿಡುತ್ತೇನೆ.

ಅವತ್ತು ರಾತ್ರಿ ಪಟ್ಟಿಯ ಮೊದಲ ಇಬ್ಬರಿಗೆ ಮತ್ತೆ ಫೋನ್ ಮಾಡಿದೆ. 10,200 ಅಂದವರು 28 ಓಟಿಯ ಮಾಲಿಗೆ ಆ ದರ ಹೇಳಿದ್ದು, ಕಡಿಮೆ ಬಂದರೆ ಅದೇ ಪ್ರಮಾಣದಲ್ಲಿ ಮುರಿಯುತ್ತಾರೆ. ಎರಡನೆಯವರು ಓಟಿ ನೋಡುವುದೇ ಇಲ್ಲ, ಕಣ್ಣಳತೆಯಲ್ಲಿ ಚೀಲಕ್ಕೆ 10,000. ಹೋಲಿಸಲು ಮೂರನೆಯವರಾಗಿ ಇಕ್ಕಾನನ್ನು ಇಟ್ಟುಕೊಂಡೆ. ನಮ್ಮ ಕಾಫಿ 26.5 ಅಂತಿಟ್ಟುಕೊಂಡರೆ, ಮೊದಲನೆಯವರಲ್ಲಿ ಕೈಗೆ ಬರುವುದು ಸುಮಾರು 9,654. ಎರಡನೆಯವರಲ್ಲಿ 10,000. ಇಕ್ಕಾನಲ್ಲಿ 10,202. ನನ್ನ ಪುಟದ ತುತ್ತತುದಿಯಲ್ಲಿದ್ದವರು ನಿಜಕ್ಕೂ ಕಟ್ಟಕಡೆಗೆ ಬರಬೇಕಾದವರು. ಇದನ್ನು ಹಾಗೇ ಬಿಟ್ಟಿದ್ದರೆ ಜನರನ್ನು ಕೈಹಿಡಿದು ತಪ್ಪು ಅಂಗಡಿಗೆ ಬಿಟ್ಟು ಬಂದ ಹಾಗಾಗುತ್ತಿತ್ತು. ಫೆಬ್ರವರಿಯ ಚಿಕ್ಕಪ್ಪನ ಇನ್ನೂರು ರೂಪಾಯಿಯ ಮೇಲೂ ಆಗಲೇ ಅನುಮಾನ ಬಂದದ್ದು. ಕೇಳಿದೆ. ಅವರ ಮಾಲು 27 ಓಟಿ, ನಮ್ಮದು 26.5. ಅರ್ಧ ಓಟಿಗೇ 190 ರೂಪಾಯಿ ಚಿಲ್ಲರೆ ಆಗುತ್ತದೆ. ಅಪ್ಪನಿಗೆ ಹೇಳಿದಾಗ ಅವರು ಏನೂ ಅನ್ನಲಿಲ್ಲ, ಆದರೆ ಮರುದಿನ ಚಿಕ್ಕಪ್ಪನಿಗೆ ತಾವೇ ಫೋನ್ ಮಾಡಿದರು.

ಪಟ್ಟಿಯನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದೆ. ಈ ಸಲ ದರದ ಪಕ್ಕದಲ್ಲಿ ದರದ ಷರತ್ತುಗಳಿಗೂ ಜಾಗ ಕೊಟ್ಟೆ. ಚೀಲದ ರೇಟೋ ಓಟಿ ರೇಟೋ, ಚೀಲದ್ದಾದರೆ ಎಷ್ಟು ಓಟಿ ಲೆಕ್ಕದಲ್ಲಿ, ಮಾಯಿಶ್ಚರ್ (ತೇವಾಂಶ) ಶೇಕಡಾ ಎಷ್ಟರವರೆಗೆ ಒಪ್ಪಿಗೆ, ಮೀರಿದರೆ ಎಷ್ಟು ಕಡಿತ, ಗೋಡೌನಿಗೆ ತಂದುಕೊಟ್ಟರೋ ತೋಟದ ಗೇಟಿನಲ್ಲೋ, ದುಡ್ಡು ಅವತ್ತೇನಾ ಹದಿನೈದು ದಿನ ಬಿಟ್ಟಾ.

ಮಾಯಿಶ್ಚರಿನದ್ದೇ ಒಂದು ಕತೆ. ಒಪ್ಪಿಗೆಯ ಮಿತಿ 11 ಇದ್ದು ನಮ್ಮ ಮಾಲು 12.5 ತೋರಿಸಿತು ಅನ್ನಿ. ಸರಿಯಾದ ಲೆಕ್ಕದಲ್ಲಿ 50 ಕೆಜಿಯ ಒಣ ಅಂಶ ಹಾಗೇ ಇದ್ದು ನೀರಷ್ಟೇ ಇಳಿಯಬೇಕು: 50ನ್ನು 87.5ರಿಂದ ಗುಣಿಸಿ 89ರಿಂದ ಭಾಗಿಸಿದರೆ 49.16 ಕೆಜಿ. ಕಳೆಯಬೇಕಾದದ್ದು 840 ಗ್ರಾಂ. ಆದರೆ ಬಾಯಿಲೆಕ್ಕದಲ್ಲಿ "ಪಾಯಿಂಟಿಗೆ ಒಂದು ಕೆಜಿ" ಅಂತ ಒಂದೂವರೆ ಕೆಜಿ ಮುರಿಯುವವರಿದ್ದಾರೆ. ಚೀಲ ಹತ್ತು ಸಾವಿರದ ಲೆಕ್ಕದಲ್ಲಿ 168 ರೂಪಾಯಿ ಹೋಗಬೇಕಾದಲ್ಲಿ 300 ಹೋಗುತ್ತದೆ. ಅದರ ಮೇಲೆ ಅವರ ಮೀಟರು ಒಂದು ಹೇಳುತ್ತದೆ, ನಮ್ಮದು ಇನ್ನೊಂದು. ಎರಡು ಮೀಟರಿನ ಜಗಳವನ್ನು ಯಾವ ವೆಬ್‌ಸೈಟೂ ಬಿಡಿಸಲಾರದು. ಕಡಿತದ ನಿಯಮ ಮಾತ್ರ ಬರೆದು ತೋರಿಸಬಹುದು. ಬರೆದು ಹಾಕಿದ ಮೇಲೆ ಇಬ್ಬರು ತಮ್ಮ ನಿಯಮವನ್ನೇ ಬದಲಿಸಿದರು. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಅದು.

ಪುಟದಲ್ಲಿ ಈಗ ಮೇಲೆಯೇ ಮೂರು ಖಾಲಿ ಚೌಕಗಳಿವೆ: ನಿಮ್ಮ ಓಟಿ, ನಿಮ್ಮ ಮಾಯಿಶ್ಚರ್, ನಿಮ್ಮ ಊರು. ತುಂಬಿದರೆ ಹದಿನಾಲ್ಕು ಹೆಸರೂ ಮತ್ತೆ ಜಾಗ ಬದಲಿಸಿಕೊಳ್ಳುತ್ತವೆ. ಕೊನೆಯ ಅಂಕಿಗೆ "ಕೈಗೆ ಬರುವ ದರ" ಅಂತ ಹೆಸರಿಟ್ಟೆ. ಓಟಿ ಗೊತ್ತಿಲ್ಲದವರು ಏನು ಮಾಡಬೇಕು ಅಂತ ಮೊದಲ ದಿನವೇ ಕೇಳಿದರು. ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ನೂರು ಗ್ರಾಂ ಚೆರಿ ತೂಗಿ, ಒರಳಲ್ಲಿ ಮೆಲ್ಲಗೆ ಕುಟ್ಟಿ ಸಿಪ್ಪೆ ಕೇರಿ, ಉಳಿದ ಬೀಜದ ಗ್ರಾಮನ್ನು ಅರ್ಧ ಮಾಡಿದರೆ ಹತ್ತಿರಹತ್ತಿರದ ಓಟಿ ಸಿಗುತ್ತದೆ. ಬೀಜ ಒಡೆದು ಪುಡಿಯಾದರೆ ಅದನ್ನೂ ತೂಕಕ್ಕೆ ಸೇರಿಸಬೇಕು. ಅಮ್ಮನ ಒರಳು ಒಂದು ವಾರ ಕಾಫಿ ಸಿಪ್ಪೆಯ ವಾಸನೆ ಹೊಡೆಯಿತು.

ಬಾಡಿಗೆ ಮತ್ತು ಬಡ್ಡಿಯನ್ನೂ ಲೆಕ್ಕಕ್ಕೆ ಸೇರಿಸಿದೆ. ನಮ್ಮಲ್ಲಿಂದ ಕುಶಾಲನಗರಕ್ಕೆ ಪಿಕಪ್‌ಗೆ 1,500 ಕೊಟ್ಟು ಇಪ್ಪತ್ತು ಚೀಲ ಹಾಕಿದರೆ ಚೀಲಕ್ಕೆ 75, ಲೋಡಿಂಗ್ ಕೂಲಿ ಬೇರೆ. ಐದೇ ಚೀಲ ಇದ್ದವನಿಗೆ ಅದೇ ಬಾಡಿಗೆ ಚೀಲಕ್ಕೆ 300 ಆಗುತ್ತದೆ. ಹದಿನೈದು ದಿನ ತಡವಾಗಿ ಬರುವ ಹತ್ತು ಸಾವಿರಕ್ಕೆ, ವರ್ಷಕ್ಕೆ ಶೇ. 12 ಬಡ್ಡಿಯಂತೆ ಹಿಡಿದರೂ, ಐವತ್ತು ರೂಪಾಯಿಯ ಹತ್ತಿರ ಹೋಗುತ್ತದೆ. ಐದು ಚೀಲದವನಿಗೆ ನನ್ನ ಪುಟ ಹೆಚ್ಚಿನ ದಿನ ಹೇಳುವುದು ಒಂದೇ: ಹತ್ತಿರದವರಿಗೇ ಕೊಡಿ.

ಆಗಸ್ಟ್

ಈ ತಿಂಗಳು ಪೂರ್ತಿ ಕೋಡಿನ ರಿಪೇರಿ. ಮಳೆ ಜೋರು, ಕರೆಂಟು ಹೋದರೆ ಎರಡು ದಿನ ಬರುವುದಿಲ್ಲ, ಇನ್ವರ್ಟರ್ ಮೂರು ಗಂಟೆ. ಹಾಗಾಗಿ ನಮ್ಮ ಮನೆಯ ಕಂಪ್ಯೂಟರ್ ನಿಂತರೂ ಸೈಟ್ ನಿಲ್ಲಬಾರದು ಅಂತ ಮೊದಲೇ ತೀರ್ಮಾನಿಸಿದ್ದೆ. ಶೀಟ್‌ನಿಂದ ಅಂಕಿ ಎತ್ತಿ, ಪೈಥಾನ್ ಭಾಷೆಯ ಸಣ್ಣ ಪ್ರೋಗ್ರಾಂ (ಸ್ಕ್ರಿಪ್ಟ್) ಒಂದು ಸಾದಾ ಎಚ್‌ಟಿಎಂಎಲ್ ಪುಟ ಬರೆದು, ಉಚಿತ ಹೋಸ್ಟಿಂಗ್‌ಗೆ ಕಳಿಸುತ್ತದೆ. ಡೇಟಾಬೇಸ್ ಸರ್ವರ್ ಇಲ್ಲ. ಖರ್ಚು ಅಂದರೆ ವರ್ಷಕ್ಕೆ 850 ರೂಪಾಯಿಯ ಡೊಮೇನ್.

ಮೊದಲ ತೊಂದರೆ ಹೊತ್ತಿನದ್ದು. ಬೆಳಿಗ್ಗೆ ಏಳಕ್ಕೆ ಪುಟ ಹೊಸದಾಗಬೇಕು ಅಂತ, ಹೊತ್ತಿಗೆ ಸರಿಯಾಗಿ ಕೆಲಸ ನಡೆಸುವ ಕ್ರಾನ್‌ನಲ್ಲಿ 7 ಅಂತ ಬರೆದಿದ್ದೆ. ದಿನಾ ಮಧ್ಯಾಹ್ನ ಹನ್ನೆರಡೂವರೆಗೆ ಹೊಸದಾಗುತ್ತಿತ್ತು. ಸರ್ವರಿನ ಗಡಿಯಾರ ಯುಟಿಸಿ ಎಂಬ ವಿಶ್ವ ಸಮಯದಲ್ಲಿರುತ್ತದೆ, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. 1:30 ಅಂತ ತಿದ್ದಿದ ಮೇಲೆ ಸರಿಹೋಯಿತು. ಇದರದ್ದೇ ತಮ್ಮನಂಥ ಇನ್ನೊಂದು ತಪ್ಪು: ಬೆಳಗಿನ ಜಾವ ಐದೂವರೆಯ ಒಳಗೆ ನೋಡಿದವರಿಗೆ ತಾರೀಖು ನಿನ್ನೆಯದ್ದೇ ಕಾಣುತ್ತಿತ್ತು. ಅಷ್ಟು ಹೊತ್ತಿಗೆ ಎದ್ದು ಕಾಫಿ ರೇಟು ನೋಡುವವರು ಯಾರು ಅಂದುಕೊಂಡಿದ್ದೆ. ಅಪ್ಪ.

ಎರಡನೆಯದು ಅಂಕಿಗಳದ್ದು. ಒಬ್ಬರು 10,200 ಅಂತ ಬರೆಯುತ್ತಾರೆ, ಒಬ್ಬರು 10.200 ಅಂತ, ಇನ್ನೊಬ್ಬರು ಕನ್ನಡ ಅಂಕಿಯಲ್ಲೇ ೧೦೨೦೦. ಅಲ್ಪವಿರಾಮದ ಬದಲು ಚುಕ್ಕಿ ಹಾಕಿದವರ ದರ ಪುಟದಲ್ಲಿ ಹತ್ತು ರೂಪಾಯಿ ಇಪ್ಪತ್ತು ಪೈಸೆ ಆಯಿತು. ಕನ್ನಡ ಅಂಕಿಯವರು ಪುಟದಿಂದಲೇ ಮಾಯ. ಪೈಥಾನ್‌ಗೆ ಕನ್ನಡ ಅಂಕಿ ಬರುವುದಿಲ್ಲ ಅಂತ ಅರ್ಧ ದಿನ ಬೈದೆ. ಬರುತ್ತದೆ. ೧೦೨೦೦ ಅನ್ನುವ ಪಠ್ಯವನ್ನು ನೇರ ಸಂಖ್ಯೆಯಾಗಿ ಬದಲಿಸಿಕೊಳ್ಳಲು ಅದಕ್ಕೆ ತೊಂದರೆಯೇ ಇಲ್ಲ. ತಪ್ಪು ನನ್ನದು: ಸಂಖ್ಯೆ ಹುಡುಕುವ ಸಾಲಿನಲ್ಲಿ ಇಂಗ್ಲಿಷಿನ ಸೊನ್ನೆಯಿಂದ ಒಂಬತ್ತು ಮಾತ್ರ ಅಂತ ನಾನೇ ಕಟ್ಟು ಹಾಕಿದ್ದೆ. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿ ಕಳಿಸುವವರ ಸಂದೇಶ ಮಾತ್ರ ಇವತ್ತಿಗೂ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳಾಗಿ ಬರುತ್ತದೆ. ಅವರಿಗೆ ಫೋನೇ ಮಾಡುತ್ತೇವೆ.

ಸೊನ್ನೆಯ ಅರ್ಥವೂ ಒಂದಲ್ಲ. "ಇವತ್ತು ಖರೀದಿ ಇಲ್ಲ" ಅನ್ನುವುದಕ್ಕೆ ಅಕ್ಕನ ಮಗ 0 ತುಂಬುತ್ತಿದ್ದ. ಸರಾಸರಿ ಪಾತಾಳಕ್ಕೆ ಇಳಿಯಿತು. ಈಗ ಖಾಲಿ ಬಿಡುತ್ತಾನೆ, ಸರಾಸರಿಯ ಬದಲು ನಡುವಿನ ದರ, ಅಂದರೆ ಎಲ್ಲ ದರಗಳನ್ನೂ ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದನ್ನು ತೋರಿಸುತ್ತೇವೆ. ಯಾರಾದರೂ ಒಂದು ಸೊನ್ನೆ ಜಾಸ್ತಿ ಒತ್ತಿದರೂ ನಡುವಿನದ್ದು ಅಲ್ಲಾಡುವುದಿಲ್ಲ.

ಇಂಥ ತಪ್ಪು ಹಿಡಿಯಲು ಒಂದು ಕಾವಲನ್ನೂ ಇಟ್ಟೆ. ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ ಟನ್ನಿಗೆ ಇಷ್ಟು ಡಾಲರ್ ಅಂತ ಓಡುತ್ತದೆ. ಲೆಕ್ಕಕ್ಕೆ 4,500 ಡಾಲರ್, ಡಾಲರಿಗೆ 85 ರೂಪಾಯಿ ಅಂತಿಟ್ಟುಕೊಂಡರೆ ಬೀಜದ ಕೆಜಿಗೆ 382.50. ಇಲ್ಲಿನ ಓಟಿ ರೇಟು ಅದರ ಆಸುಪಾಸಿನಲ್ಲೇ ಆಡಬೇಕು. ಯಾವುದಾದರೂ ದರ ಶೇ. 15ಕ್ಕಿಂತ ಹೆಚ್ಚು ಆಚೀಚೆ ಹೋದರೆ ಸ್ಕ್ರಿಪ್ಟ್ ಅದನ್ನು ಪುಟಕ್ಕೆ ಹಾಕದೆ ನನಗೆ ಸಂದೇಶ ಕಳಿಸುತ್ತದೆ. ಹದಿನೈದು ಅನ್ನುವುದು ಶಾಸ್ತ್ರವಲ್ಲ, ಕೈಗೆ ಬಂದ ಅಂದಾಜು.

ಪುಟದ ಭಾರದ ಬಗ್ಗೆ ಒಂದು ಮಾತು. ಮೊದಲ ಪುಟದಲ್ಲಿ ಬಣ್ಣದ ಗ್ರಾಫ್, ಚಂದದ ಕನ್ನಡ ಫಾಂಟ್ ಎಲ್ಲ ಇತ್ತು. ಗಾಳಿಬೀಡಿನಲ್ಲಿರುವ ಗೆಳೆಯನ ಮನೆಯಲ್ಲಿ ತೆರೆದರೆ ಬಿಳಿ ಪರದೆ ಬಿಟ್ಟು ಬೇರೇನೂ ಬರಲಿಲ್ಲ. ಅಂಗಳದ ಮೂಲೆಯ ಹಲಸಿನ ಮರದಡಿ ನಿಂತರೆ ಒಂದು ಕಡ್ಡಿ ಸಿಗ್ನಲ್. ಗ್ರಾಫ್ ತೆಗೆದೆ, ಫಾಂಟ್ ತೆಗೆದೆ, ಫೋನಿನಲ್ಲೇ ಇರುವ ಕನ್ನಡ ಅಕ್ಷರ ಸಾಕು. ಈಗ ಪುಟ 18 ಕೆಬಿ. ಹಲಸಿನ ಮರದ ಬುಡದಲ್ಲಿ ಬರುತ್ತದೆ.

ಅಕ್ಟೋಬರ್

ದುಡ್ಡಿನ ವಿಷಯ. ಇದನ್ನು ಮೊದಲೇ ಯೋಚಿಸಬೇಕಿತ್ತು ಅಂತ ಬಿಸಿನೆಸ್ ಗೊತ್ತಿರುವವರು ಹೇಳುತ್ತಾರೆ. ಸರಿ.

ದೊಡ್ಡ ಹೋಲಿಕೆ ತಾಣಗಳು ಬದುಕುವುದು ಕ್ಲಿಕ್ಕಿನ ಮೇಲೆ. ನೋಡುಗ ಅಂಗಡಿಯ ಪುಟಕ್ಕೆ ಹೋದರೆ ಇಷ್ಟು, ಕೊಂಡರೆ ಇಷ್ಟು ಪಾಲು. ಹೀಗೆ ಬೇರೆ ಅಂಗಡಿಗಳ ನೆರಳಲ್ಲಿ ಬೆಳೆದ ತಾಣ ಎಷ್ಟು ದಿನ ಸ್ವತಂತ್ರವಾಗಿ ಉಳಿಯುತ್ತದೆ ಅನ್ನುವುದಕ್ಕೆ ಜಂಗ್ಲಿ ಒಂದು ಉದಾಹರಣೆ. 1996ರಲ್ಲಿ ಶುರುವಾದ ಆ ಕಂಪನಿಯನ್ನು 1998ರಲ್ಲಿ ಅಮೆಜಾನ್ ಕೊಂಡಿತು. ಅದೇ ಹೆಸರನ್ನು 2012ರಲ್ಲಿ ಭಾರತಕ್ಕೆ ತಂದು ದರ ಹೋಲಿಕೆಯ ತಾಣವಾಗಿ ನಡೆಸಿ, ತನ್ನದೇ ಅಂಗಡಿ ಇಲ್ಲಿ ಗಟ್ಟಿಯಾದ ಮೇಲೆ 2017ರಲ್ಲಿ ಮುಚ್ಚಿತು. ಅದೇ 2017ರಲ್ಲಿ ಯುರೋಪಿಯನ್ ಕಮಿಷನ್ ಗೂಗಲ್‌ಗೆ 242 ಕೋಟಿ ಯೂರೊ ದಂಡ ಹಾಕಿತು. ಹುಡುಕಾಟದಲ್ಲಿ ತನ್ನ ಶಾಪಿಂಗ್ ಸೇವೆಯನ್ನು ಮೇಲಿಟ್ಟು ಬೇರೆ ಹೋಲಿಕೆ ತಾಣಗಳನ್ನು ಕೆಳಗೆ ತಳ್ಳಿತು ಅನ್ನುವುದು ಕಾರಣ. 2024ರಲ್ಲಿ ಅಲ್ಲಿನ ಮೇಲಿನ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಯಾರು ಮೇಲೆ, ಯಾರು ಕೆಳಗೆ ಅನ್ನುವುದರಲ್ಲೇ ಈ ವ್ಯಾಪಾರದ ಜೀವ ಇರುವುದು.

ನನ್ನ ಮುಂದೆ ಆ ಪ್ರಶ್ನೆ ಚಹಾ ಅಂಗಡಿಯಲ್ಲಿ ಬಂತು. ಒಬ್ಬ ವ್ಯಾಪಾರಿ, ಹೆಸರು ಬೇಡ, ಪಕ್ಕದಲ್ಲಿ ಕೂತು, "ತಿಂಗಳಿಗೆ ಐದು ಸಾವಿರ ಕೊಡ್ತೇನೆ, ನನ್ನ ಹೆಸರು ಮೇಲಿರಲಿ ಸಾಕು. ರೇಟು ನೀನು ಸುಳ್ಳು ಬರೆಯುವುದು ಬೇಡ" ಅಂದರು. ಆ ಹೊತ್ತಿಗೆ ನನ್ನ ಆದಾಯ ಸೊನ್ನೆ. ನಿಜ ಹೇಳುತ್ತೇನೆ, ಎರಡು ದಿನ ಯೋಚಿಸಿದೆ. ಕೊನೆಗೆ ಬೇಡ ಅಂದದ್ದು ದೊಡ್ಡ ಆದರ್ಶದಿಂದಲ್ಲ. ಇದು ಸಣ್ಣ ಊರು, ಯಾರು ಯಾರಿಗೆ ಎಷ್ಟು ಕೊಟ್ಟರು ಅನ್ನುವುದು ಒಂದು ಮದುವೆ ಮುಗಿಯುವಷ್ಟರಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ನಮ್ಮ ದೇಶದ 2020ರ ಇ-ಕಾಮರ್ಸ್ ನಿಯಮಗಳು, ಬೇರೆಯವರ ಸರಕು ಮಾರಿಸುವ ಮಾರ್ಕೆಟ್‌ಪ್ಲೇಸ್‌ಗಳಿಗೆ, ಯಾವ ಆಧಾರದ ಮೇಲೆ ಮೇಲೆ ಕೆಳಗೆ ಜೋಡಿಸುತ್ತೀರಿ ಅಂತ ವಿವರಿಸಲು ಹೇಳುತ್ತವೆ. ನನ್ನದು ಮಾರ್ಕೆಟ್‌ಪ್ಲೇಸ್ ಅಲ್ಲದಿದ್ದರೂ ಆ ವಿವರಣೆಯನ್ನು ಎರಡು ಸಾಲಿನಲ್ಲಿ ಪುಟದ ಕೆಳಗೆ ಹಾಕಿದೆ: ಕೈಗೆ ಬರುವ ದರ ಹೆಚ್ಚಿದ್ದವರು ಮೇಲೆ, ಸಮ ಇದ್ದರೆ ಹತ್ತಿರದವರು ಮೇಲೆ.

ಚೀಲಕ್ಕೆ ಐದೋ ಹತ್ತೋ ಕಮಿಷನ್ ತೆಗೆದುಕೊಳ್ಳುವ ಯೋಚನೆಯೂ ಇತ್ತು. ಹಾಗೆ ಮಾಡಿದರೆ ನಾನು ಬ್ರೋಕರ್. ಬ್ರೋಕರ್‌ಗಳು ನಮ್ಮಲ್ಲಿ ಸಾಕಷ್ಟು ಜನ ಇದ್ದಾರೆ, ಅವರಿಗೆ ನನಗಿಂತ ಚೆನ್ನಾಗಿ ಮಾತು ಬರುತ್ತದೆ. ದಿನಾ ಎಸ್‌ಎಂಎಸ್ ಕಳಿಸಿ ಚಂದಾ ಪಡೆಯೋಣ ಅಂದುಕೊಂಡರೆ, ಅದಕ್ಕೆ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಅನ್ನುವ ವ್ಯವಸ್ಥೆಯಲ್ಲಿ ನೋಂದಣಿ, ಪ್ರತಿ ಸಂದೇಶದ ಮಾದರಿಗೂ ಅನುಮತಿ. ಕೈಬಿಟ್ಟು ವಾಟ್ಸಾಪ್ ಚಾನೆಲ್ ಮಾಡಿದೆ.

ಕೊನೆಗೆ ದುಡ್ಡು ಬಂದದ್ದು ಕಾಫಿ ಕೊಳ್ಳುವವರಿಂದ ಅಲ್ಲ, ಬೆಳೆಗಾರನಿಗೆ ಬೇರೆ ಸಾಮಾನು ಮಾರುವವರಿಂದ. ಟಾರ್ಪಾಲಿನ ಅಂಗಡಿ, ಗೋಣಿಚೀಲದವರು, ಬ್ರಷ್ ಕಟರ್ ರಿಪೇರಿಯವರು. ಮೂರು ಜಾಹೀರಾತು, ತಿಂಗಳಿಗೆ ತಲಾ ಸಾವಿರ, "ಜಾಹೀರಾತು" ಅಂತ ದಪ್ಪಕ್ಷರದಲ್ಲಿ ಬರೆದು ಪಟ್ಟಿಯಿಂದ ದೂರದಲ್ಲಿ. ಗೊಬ್ಬರದ ದರವನ್ನೂ ಹೋಲಿಸೋಣ ಅಂತ ಅಕ್ಕನ ಮಗ ಹುರುಪಿನಲ್ಲಿದ್ದ. 45 ಕೆಜಿ ಯೂರಿಯಾ ಚೀಲಕ್ಕೆ ಸರ್ಕಾರವೇ 266 ರೂಪಾಯಿ 50 ಪೈಸೆ ಅಂತ ಬೆಲೆ ಕಟ್ಟಿರುವಾಗ ಹೋಲಿಸುವುದು ಏನನ್ನು? ಸ್ಟಾಕ್ ಎಲ್ಲಿ ಉಂಟು ಅಂತ ತೋರಿಸಿದರೆ ಜನ ಬರುತ್ತಾರೆ ಅಂದ. ಹುಡುಗ ಹೇಳಿದ್ದರಲ್ಲಿ ಹುರುಳಿದೆ. ಅದು ಮುಂದಿನ ವರ್ಷಕ್ಕೆ.

ಜನವರಿ, ಫೆಬ್ರವರಿ

ರೋಬಸ್ಟಾ ಕೊಯ್ಲು ಶುರುವಾಗಿ ಕಣ ತುಂಬಿದ ಮೇಲೆ ಪುಟವನ್ನು ನಿಜವಾಗಿ ನೋಡುವವರು ಬಂದರು. ಜೊತೆಗೇ ನಿಜವಾದ ತೊಂದರೆಯೂ ಬಂತು.

ಒಂದು ದಿನ ಒಬ್ಬರ ದರ ಉಳಿದವರಿಗಿಂತ ಓಟಿಗೆ ಎಂಟು ರೂಪಾಯಿ ಮೇಲಿತ್ತು. ಕಾವಲಿನ ಮಿತಿಯೊಳಗೇ ಇದ್ದದ್ದರಿಂದ ಪುಟಕ್ಕೆ ಬಂತು. ಚೆಟ್ಟಳ್ಳಿ ಕಡೆಯ ಒಬ್ಬರು ಅದನ್ನು ನಂಬಿ ಹದಿನೆಂಟು ಚೀಲ ಪಿಕಪ್‌ನಲ್ಲಿ ಹಾಕಿಕೊಂಡು ಹೋದರು. ಅಲ್ಲಿ ಮಾಲು ಇಳಿಸಿದ ಮೇಲೆ "ಬೆಳಿಗ್ಗೆ ಇತ್ತು, ಈಗ ಲಂಡನ್ ಬಿದ್ದಿದೆ" ಅಂದರಂತೆ. ಮಾಯಿಶ್ಚರ್ ಅಂತ ಇನ್ನೊಂದಿಷ್ಟು ಕಡಿತ. ವಾಪಸ್ ತರಲು ಮತ್ತೆ ಬಾಡಿಗೆ, ಮತ್ತೆ ಲೋಡಿಂಗ್. ಕೊಟ್ಟೇ ಬಂದರು. ಸಂಜೆ ನನಗೆ ಫೋನ್. ಅವರು ಹೇಳಿದ್ದನ್ನೆಲ್ಲ ಇಲ್ಲಿ ಬರೆಯುವ ಹಾಗಿಲ್ಲ. ನಾನು ಕೇಳಿಸಿಕೊಂಡೆ.

ಲಂಡನ್ ಬಿದ್ದದ್ದು ಸುಳ್ಳಾಗಿರಲಿಲ್ಲ. ಚಳಿಗಾಲದಲ್ಲಿ ಅಲ್ಲಿ ರೋಬಸ್ಟಾ ವಹಿವಾಟು ತೆರೆಯುವುದು ನಮ್ಮ ಮಧ್ಯಾಹ್ನ ಎರಡೂವರೆಗೆ, ಮುಚ್ಚುವುದು ರಾತ್ರಿ ಹನ್ನೊಂದಕ್ಕೆ. ಬೆಳಿಗ್ಗೆ ವ್ಯಾಪಾರಿ ಹೇಳುವ ದರ ನಿನ್ನೆ ರಾತ್ರಿಯ ದರ. ಊಟ ಮುಗಿಸಿ ಹೊರಟ ಗಾಡಿ ಗೋಡೌನ್ ಮುಟ್ಟುವಷ್ಟರಲ್ಲಿ ಅದು ಹಳತಾಗಿರಬಹುದು. ನನ್ನ ಪುಟದಲ್ಲಿ ತಾರೀಖು ಇತ್ತು, ಗಂಟೆ ಇರಲಿಲ್ಲ.

ಅವತ್ತೇ ರಾತ್ರಿ ಪ್ರತಿ ದರದ ಪಕ್ಕದಲ್ಲಿ ಹೇಳಿದ ಗಂಟೆ ಸೇರಿಸಿದೆ. ಬೆಳಗಿನ ದರಗಳೆಲ್ಲ ಎರಡೂವರೆ ದಾಟಿದ ಕೂಡಲೇ ಬೂದು ಬಣ್ಣಕ್ಕೆ ತಿರುಗಿ, "ಹೊರಡುವ ಮುಂಚೆ ಫೋನ್ ಮಾಡಿ" ಅನ್ನುವ ಸಾಲು ಬರುತ್ತದೆ. ಅಕ್ಕನ ಮಗ ಮೂರು ಗಂಟೆಗೆ ಎರಡನೇ ಸುತ್ತು ಫೋನ್ ಮಾಡಲು ಶುರು ಮಾಡಿದ.

ಹೇಳಿದ ದರಕ್ಕೂ ಕೊಟ್ಟ ದರಕ್ಕೂ ಇರುವ ಅಂತರಕ್ಕೆ ಬೇರೆ ಮದ್ದು ಬೇಕಿತ್ತು. ಮಾರಿ ಬಂದವರು ಚೀಟಿಯ ಫೋಟೋ ಕಳಿಸಿದರೆ, ಹೆಸರು ಫೋನ್ ನಂಬರ್ ಮುಚ್ಚಿ, ಅಂಕಿ ಮಾತ್ರ ತೆಗೆದುಕೊಳ್ಳುತ್ತೇವೆ. ಹೀಗೆ ಐದು ಚೀಟಿ ಸೇರಿದ ವ್ಯಾಪಾರಿಯ ಎದುರು ಎರಡು ಅಂಕಿ ಕಾಣುತ್ತವೆ: ಹೇಳಿದ್ದು, ಕೊಟ್ಟದ್ದು. ಐದಕ್ಕಿಂತ ಕಡಿಮೆ ಇದ್ದರೆ ತೋರಿಸುವುದಿಲ್ಲ, ಯಾರ ಚೀಟಿ ಅಂತ ಊಹಿಸಿಬಿಡುತ್ತಾರೆ. ಮೊದಲ ವಾರ ಮೂರೇ ಚೀಟಿ ಬಂತು. ತೋಟದ ಲೆಕ್ಕ ಬರೆಯುವ ಎಸ್ಟೇಟ್ ರೈಟರ್‌ಗಳ ಗುಂಪಿಗೆ ವಿಷಯ ಮುಟ್ಟಿದ ಮೇಲೆ ದಿನಕ್ಕೆ ಏಳೆಂಟು. ಎಂಟು ರೂಪಾಯಿ ಮೇಲೆ ಹೇಳಿದ್ದವರು ಎರಡು ವಾರದಲ್ಲಿ ಪಟ್ಟಿಯೇ ಬೇಡ ಅಂತ ಹೊರಗೆ ಹೋದರು. ಈಗ ಹದಿಮೂರು.

ರೈಟರ್‌ಗಳಿಂದಲೇ ಇನ್ನೊಂದು ಬಾಗಿಲು ತೆರೆಯಿತು. ದೊಡ್ಡ ತೋಟದವರಿಗೆ ಇವತ್ತಿನ ದರಕ್ಕಿಂತ ಹಳೆಯ ದರ ಬೇಕು, ಮಾಲಕರಿಗೆ ವರದಿ ಕೊಡಬೇಕಲ್ಲ. ಸೀಸನ್ ಪೂರ್ತಿಯ ಪಟ್ಟಿ ಎಕ್ಸೆಲ್‌ನಲ್ಲಿ, 500 ರೂಪಾಯಿ. ಆರು ಜನ ಕೊಂಡರು.

ಲೆಕ್ಕ ಇಲ್ಲೇ ಬರೆಯುತ್ತೇನೆ. ನಾಲ್ಕು ತಿಂಗಳ ಜಾಹೀರಾತು 12,000, ಪಟ್ಟಿ ಮಾರಿದ್ದು 3,000. ಖರ್ಚಿನಲ್ಲಿ ಅಕ್ಕನ ಮಗನಿಗೆ 12,000, ಡೊಮೇನ್ 850, ರೀಚಾರ್ಜ್ 1,500, ಪೆಟ್ರೋಲ್ 4,000. ಕೈಯಿಂದ ಹೋದದ್ದು 3,350, ನನ್ನ ದುಡಿಮೆಗೆ ಬೆಲೆ ಕಟ್ಟದೆ. ಸೇವೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವ 20 ಲಕ್ಷದ ವಹಿವಾಟನ್ನು ಮುಟ್ಟಲು ಇನ್ನೂ ಸ್ವಲ್ಪ ಕಾಲ ಇದೆ.

ಈ ವರ್ಷ ಅಪ್ಪ ಕಾಫಿ ಕೊಟ್ಟದ್ದು ಎಲ್ಲಿಗೆ ಅಂತ ಎಲ್ಲರೂ ಕೇಳುತ್ತಾರೆ. ಇಕ್ಕಾನಿಗೆ. ಅವತ್ತು ಪುಟದಲ್ಲಿ ಇಕ್ಕಾ ನಾಲ್ಕನೆಯವರು, ಮೊದಲನೆಯವರಿಗಿಂತ ಕೈಗೆ ಬರುವ ದರ ಚೀಲಕ್ಕೆ 40 ರೂಪಾಯಿ ಕಡಿಮೆ. ನಾನು ಮೊಬೈಲ್ ತೋರಿಸಿದೆ. ಅಪ್ಪ ನೋಡಿದರು, "ಆಗಸ್ಟಿನಲ್ಲಿ ಕೂಲಿಯವರಿಗೆ ಕೊಡಲು ಕಾಸಿಲ್ಲದೆ ಹೋದಾಗ ಮುಂಗಡ ಕೊಟ್ಟದ್ದು ಅವರು. ಅದಕ್ಕೊಂದು ಕಾಲಮ್ ಮಾಡು" ಅಂದರು. ಮುಂಗಡಕ್ಕೆ ಕಾಲಮ್ ಸೇರಿಸಲು ಕೂತೆ. ಯಾರು ಯಾರಿಗೆ ಕೊಡುತ್ತಾರೆ ಅನ್ನುವುದಕ್ಕೆ ನಿಯಮವೇ ಇಲ್ಲದ್ದನ್ನು ಪಟ್ಟಿಯಲ್ಲಿ ಬರೆಯುವುದು ಹೇಗೆ? ಸದ್ಯಕ್ಕೆ "ಮುಂಗಡ ಕೇಳಿ ನೋಡಿ" ಅನ್ನುವ ಒಂದು ಗುರುತು, ಒಪ್ಪಿದ ಐದು ಜನರ ಹೆಸರಿನ ಮುಂದೆ.

ಮಾರ್ಚ್

ಕರಿಮೆಣಸು ಬಿಡಿಸುವುದು ನಡೆದಿದೆ. ಮೆಣಸಿನ ದರ ಕೆಜಿಗೆ ಹೇಳುತ್ತಾರೆ, ಓಟಿಯ ಗೋಜಿಲ್ಲ, ಇದು ಸುಲಭ ಅಂದುಕೊಂಡು ಒಂದೇ ದಿನದಲ್ಲಿ ಪುಟ ಮಾಡಿದೆ. ಮೊದಲ ಫೋನ್ ಬಂದದ್ದು ಗೋಣಿಕೊಪ್ಪದಿಂದ: "ಈ ರೇಟು ಎಷ್ಟು ಲೀಟರ್ ತೂಕಕ್ಕೆ?" ಒಂದು ಲೀಟರ್ ಅಳತೆಯಲ್ಲಿ 550 ಗ್ರಾಂ ತೂಗುವ ಗಟ್ಟಿ ಕಾಳಿಗೆ ಒಂದು ದರ, 500 ತೂಗುವ ಜೊಳ್ಳು ಬೆರೆತದ್ದಕ್ಕೆ ಇನ್ನೊಂದು. ಮೆಣಸಿನ ಪುಟವನ್ನು ಅರ್ಧ ಗಂಟೆಯಲ್ಲಿ ಇಳಿಸಿದೆ.

ಲೀಟರ್ ಅಳತೆಯ ಪಾತ್ರೆ ನಿನ್ನೆ ಮಡಿಕೇರಿಯಿಂದ ತಂದಿದ್ದೇನೆ. ಮೇಲೆ ಕೋಲೆಳೆದು ಸಮ ಮಾಡುವುದೋ, ಕುಲುಕಿ ತುಂಬುವುದೋ ಅನ್ನುವುದರ ಮೇಲೆ ಹತ್ತು ಹದಿನೈದು ಗ್ರಾಂ ಆಚೀಚೆ ಆಗುತ್ತದೆ. ನಾಳೆ ಸಂತೆ ಮುಗಿದ ಮೇಲೆ ಇಕ್ಕಾನ ಗೋಡೌನಿಗೆ ಹೋಗಿ, ಅವರು ಹೇಗೆ ತುಂಬುತ್ತಾರೆ ನೋಡಿಕೊಂಡು ಬರಬೇಕು.